ಹತ್ತು ನಿಮಿಷದ ಚಪ್ಪಾಳೆ, ಆಮೇಲೆ ‘ಡಿ’ ಗ್ರೇಡ್: ಎರಡನೇ ‘ಜೋಕರ್’ ಮೇಲೆ ಇಷ್ಟು ಸಿಟ್ಟು ಯಾಕೆ?

2024ರ ಸೆಪ್ಟೆಂಬರ್ 4ರಂದು ವೆನಿಸ್ ಚಿತ್ರೋತ್ಸವದಲ್ಲಿ ‘ಜೋಕರ್: ಫೋಲಿ ಆ ದ್ಯೂ’ ಮೊದಲ ಪ್ರದರ್ಶನ ಕಂಡಿತು. ಮುಗಿದ ಮೇಲೆ ಜನ ಎದ್ದು ನಿಂತು ಹತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಚಪ್ಪಾಳೆ ತಟ್ಟಿದರು. ಸರಿಯಾಗಿ ಒಂದು ತಿಂಗಳಿಗೆ ಅದೇ ಸಿನಿಮಾ ಅಮೆರಿಕದ ಥಿಯೇಟರ್‌ಗಳಿಗೆ ಬಂತು. ಮೊದಲ ದಿನ ನೋಡಿ ಹೊರಬಂದವರು ಅದಕ್ಕೆ ಕೊಟ್ಟ ಗ್ರೇಡ್ ‘ಡಿ’. ಅಲ್ಲಿಯವರೆಗೆ ಕಾಮಿಕ್ಸ್ ಆಧರಿಸಿದ ಯಾವ ದೊಡ್ಡ ಸಿನಿಮಾಕ್ಕೂ ಅಲ್ಲಿನ ಪ್ರೇಕ್ಷಕರು ಅಷ್ಟು ಕೆಳಗಿನ ಗ್ರೇಡ್ ಕೊಟ್ಟಿರಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ‘ತೋಪಾಯ್ತು’ ಅಂತ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಹಾಲಿವುಡ್‌ನ ಹೆಸರಾಂತ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ ಈ ಸಿನಿಮಾ ತನಗೆ ತುಂಬಾ ಇಷ್ಟವಾಯಿತು ಅಂದರು. ‘ಗಾಡ್‌ಫಾದರ್’ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಹೊಗಳಿದರು. ಇನ್ನೊಬ್ಬ ನಿರ್ದೇಶಕ ಜಾನ್ ವಾಟರ್ಸ್ ತಮ್ಮ ವರ್ಷದ ಅತ್ಯುತ್ತಮ ಸಿನಿಮಾಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದರು. ಕೆಲವೇ ತಿಂಗಳಲ್ಲಿ, ಕೆಟ್ಟ ಸಿನಿಮಾಗಳಿಗೆ ಕೊಡುವ ರ್‍ಯಾಜಿ ಪ್ರಶಸ್ತಿಗಳಲ್ಲಿ ಎರಡು ಇದರ ಪಾಲಾದವು.

ಒಂದೇ ಸಿನಿಮಾಕ್ಕೆ ಇದೆಲ್ಲ ಹೇಗೆ ಸಾಧ್ಯ? ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಮಾಮೂಲಿ ಜಗಳ ಇದಲ್ಲ. ಬ್ಯಾಟ್‌ಮನ್ ಕಾಮಿಕ್ಸ್‌ನ ಖಳನಾಯಕ ಜೋಕರ್ ಯಾರ ಸ್ವತ್ತು, ಅವನನ್ನು ಮಾಡಿದವರದ್ದೋ ಮೆಚ್ಚಿದವರದ್ದೋ ಅನ್ನುವ ಜಗಳ. ಕಥೆ ಹೇಳದೆ ಅದನ್ನು ಬಿಡಿಸಲು ಆಗುವುದಿಲ್ಲ. ಸಿನಿಮಾ ನೋಡಬೇಕು ಅಂತ ಇನ್ನೂ ಕಾಯುತ್ತಿರುವವರು ಇಲ್ಲಿಗೇ ನಿಲ್ಲಿಸಬಹುದು.

ಮೊದಲ ಭಾಗ ಬಿಟ್ಟುಹೋದ ಸಾಲ

2019ರ ‘ಜೋಕರ್’ಗೆ ಆದ ಖರ್ಚು ಸುಮಾರು 6 ಕೋಟಿ ಡಾಲರ್. ಸೂಪರ್‌ಹೀರೊ ಸಿನಿಮಾಗಳ ಲೆಕ್ಕದಲ್ಲಿ ಅದು ಚಿಲ್ಲರೆ. ಗಳಿಸಿದ್ದು 100 ಕೋಟಿ ಡಾಲರ್‌ಗೂ ಮೇಲೆ. ಹದಿನೇಳು ತುಂಬದವರು ದೊಡ್ಡವರ ಜೊತೆಗೇ ಬರಬೇಕು ಅನ್ನುವ ‘ಆರ್’ ಪ್ರಮಾಣಪತ್ರ ಪಡೆದ ಸಿನಿಮಾವೊಂದು ಆ ಗಡಿ ದಾಟಿದ್ದು ಅದೇ ಮೊದಲು. ವೆನಿಸ್‌ನಲ್ಲಿ ಆ ಉತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಬಂತು. ಆಸ್ಕರ್‌ಗೆ 11 ನಾಮನಿರ್ದೇಶನ ಸಿಕ್ಕವು. ವಾಕೀನ್ ಫೀನಿಕ್ಸ್‌ಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು.

ಅದರ ನಾಯಕ ಆರ್ಥರ್ ಫ್ಲೆಕ್, ಬಾಡಿಗೆಗೆ ಕೋಡಂಗಿ ವೇಷ ಹಾಕುವವನು. ಮನಸ್ಸಿನ ಕಾಯಿಲೆ ಇದೆ, ಔಷಧಿ ಕೊಡುತ್ತಿದ್ದ ಸರ್ಕಾರಿ ಸೌಲಭ್ಯ ನಿಂತುಹೋಗಿದೆ, ಕೆಲಸವೂ ಹೋಗಿದೆ. ಎಲ್ಲರ ಕೈಲೂ ಒದೆ ತಿಂದವನು ಕೊನೆಗೆ ಟಿವಿ ಕಾರ್ಯಕ್ರಮವೊಂದರ ನೇರ ಪ್ರಸಾರದಲ್ಲೇ ನಿರೂಪಕನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಬೀದಿಯಲ್ಲಿ ಜನ ಅವನನ್ನು ಕಾರಿನ ಮೇಲೆ ನಿಲ್ಲಿಸಿ ಜೈಕಾರ ಹಾಕುತ್ತಾರೆ.

ಈ ಜೈಕಾರ ಪರದೆಯ ಒಳಗಷ್ಟೇ ಉಳಿಯಲಿಲ್ಲ. ಆ ವರ್ಷ ಲೆಬನಾನ್, ಚಿಲಿ, ಹಾಂಗ್‌ಕಾಂಗ್‌ಗಳ ಪ್ರತಿಭಟನೆಗಳಲ್ಲಿ ಜೋಕರ್ ಮುಖವಾಡ, ಬಣ್ಣ ಕಾಣಿಸಿಕೊಂಡವು. ಅವನು ಕುಣಿದು ಇಳಿದ ನ್ಯೂಯಾರ್ಕ್‌ನ ಬ್ರಾಂಕ್ಸ್‌ನ ಮೆಟ್ಟಿಲು ಪ್ರವಾಸಿ ತಾಣವಾಯಿತು. ಇನ್ನೊಂದು ಕಡೆ ಭಯವೂ ಇತ್ತು. 2012ರಲ್ಲಿ ಅಮೆರಿಕದ ಅರೋರಾ ಊರಿನಲ್ಲಿ ಬ್ಯಾಟ್‌ಮನ್ ಸಿನಿಮಾ ನಡೆಯುತ್ತಿದ್ದಾಗಲೇ ಒಬ್ಬ ಗುಂಡು ಹಾರಿಸಿ 12 ಜನರನ್ನು ಕೊಂದಿದ್ದ. ಸತ್ತವರ ಮನೆಯವರಲ್ಲಿ ಕೆಲವರು ‘ಜೋಕರ್’ ಬಿಡುಗಡೆಗೆ ಮುಂಚೆ, ಅದನ್ನು ತಯಾರಿಸಿದ ವಾರ್ನರ್ ಬ್ರದರ್ಸ್ ಕಂಪನಿಗೆ ಪತ್ರ ಬರೆದರು. ಕೊಲೆಗಾರನ ಮೇಲೆ ಇಷ್ಟು ಕನಿಕರ ಹುಟ್ಟಿಸುವುದು ಅವರಿಗೆ ಕಳವಳ ತಂದಿತ್ತು. (ನಮ್ಮಲ್ಲಿ ಅದು ತೆರೆಗೆ ಬಂದಿದ್ದು ಅಕ್ಟೋಬರ್ 2ರಂದು. ಎರಡನೇ ಭಾಗವೂ ಅದೇ ತಾರೀಕಿಗೆ. ಗಾಂಧಿ ಜಯಂತಿ ರಜೆ ಅಂದರೆ ವಿತರಕರಿಗೆ ಅಷ್ಟು ಪ್ರೀತಿ.)

ಅಂದರೆ ಮೊದಲ ಭಾಗ ಮುಗಿದಾಗ ನಿರ್ದೇಶಕ ಟಾಡ್ ಫಿಲಿಪ್ಸ್ ಮುಂದೆ ಎರಡು ಗುಂಪು ನಿಂತಿತ್ತು. ಒಂದಕ್ಕೆ ಆರ್ಥರ್ ನಮ್ಮವನು. ಇನ್ನೊಂದಕ್ಕೆ ಅವನು ಅಪಾಯ. ಮುಂದುವರಿದ ಭಾಗದ ಯೋಚನೆ ಮೊದಲಿಗೆ ಇರಲೇ ಇಲ್ಲ, ಒಂದೇ ಸಿನಿಮಾ ಅಂತ ಹೇಳಿಕೊಂಡೇ ಮಾಡಿದ್ದು. ‘ಕೆಜಿಎಫ್’ ತರಹ ಎರಡು ಭಾಗಕ್ಕೆ ಅಂತ ಕಟ್ಟಿದ ಕಥೆಯಲ್ಲಿ ಮೊದಲ ಭಾಗ ಎಲ್ಲಿ ನಿಲ್ಲುತ್ತದೋ ಎರಡನೆಯದು ಅಲ್ಲಿಂದ ಹೊರಡುತ್ತದೆ. ಇಲ್ಲಿ ಹಾಗೆ ಹೊರಡಲು ಜಾಗವೇ ಇರಲಿಲ್ಲ. ದುಡ್ಡು ಬಂತು, ಹಾಗಾಗಿ ಕಥೆ ಹುಡುಕಬೇಕಾಯಿತು. 2022ರ ಜೂನ್‌ನಲ್ಲಿ ಫಿಲಿಪ್ಸ್ ಚಿತ್ರಕಥೆಯ ಮುಖಪುಟದ ಫೋಟೊ ಹಾಕಿದಾಗಲೇ ಹೊರಗಿನವರಿಗೆ ಹೆಸರು ಗೊತ್ತಾಗಿದ್ದು. ‘ಫೋಲಿ ಆ ದ್ಯೂ’ ಅಂದರೆ ಫ್ರೆಂಚ್‌ನಲ್ಲಿ ‘ಇಬ್ಬರ ಹುಚ್ಚು’. ಒಬ್ಬರ ಭ್ರಮೆ ಹತ್ತಿರದ ಇನ್ನೊಬ್ಬರಿಗೂ ಅಂಟಿಕೊಳ್ಳುವುದಕ್ಕೆ ವೈದ್ಯರು ಇಟ್ಟ ಹೆಸರು.

ನಾಯಕನೇ ಇಲ್ಲ ಅಂತ ನಾಯಕ ಹೇಳಿದರೆ

ಎರಡನೇ ಭಾಗ ನಡೆಯುವುದು ಎರಡೇ ಜಾಗದಲ್ಲಿ ಅನ್ನಬಹುದು: ಆರ್ಕಮ್ ಆಸ್ಪತ್ರೆ-ಜೈಲು ಮತ್ತು ಕೋರ್ಟು. ಆರ್ಥರ್ ಮೇಲೆ ಕೊಲೆ ಕೇಸು ನಡೆಯುತ್ತಿದೆ. ವಕೀಲೆಯ ವಾದ ಇಷ್ಟೇ: ಇವನೊಳಗೆ ಜೋಕರ್ ಅನ್ನುವ ಬೇರೆ ವ್ಯಕ್ತಿ ಇದ್ದಾನೆ, ಕೊಂದಿದ್ದು ಅವನು. ಜೈಲಿನ ಸಂಗೀತದ ತರಗತಿಯಲ್ಲಿ ಆರ್ಥರ್‌ಗೆ ಲೀ ಸಿಗುತ್ತಾಳೆ. ಕಾಮಿಕ್ಸ್ ಓದುವವರು ಹಾರ್ಲೆ ಕ್ವಿನ್ ಅಂತ ಕರೆಯುವ, ಜೋಕರ್‌ನ ಪ್ರೇಯಸಿಯ ಪಾತ್ರ ಅದು, ಮಾಡಿರುವವರು ಗಾಯಕಿ ಲೇಡಿ ಗಾಗಾ. ಆರ್ಥರ್ ಬಗ್ಗೆ ಬಂದ ಟಿವಿ ಚಿತ್ರವನ್ನು ಅವಳು ಮತ್ತೆ ಮತ್ತೆ ನೋಡಿದ್ದಾಳೆ. ತಾನೂ ಬಡವಳು, ತಾನೂ ಹುಚ್ಚಿ ಅಂತ ಅವನನ್ನು ನಂಬಿಸುತ್ತಾಳೆ. ನಿಜದಲ್ಲಿ ಅವಳು ಶ್ರೀಮಂತರ ಮಗಳು, ಆಸ್ಪತ್ರೆಗೆ ತಾನಾಗಿಯೇ ಸೇರಿಕೊಂಡವಳು. ಅವಳಿಗೆ ಬೇಕಿರುವುದು ಜೋಕರ್. ಆರ್ಥರ್ ಅಲ್ಲ.

ಸಿನಿಮಾದ ಅತ್ಯುತ್ತಮ ದೃಶ್ಯ ಕೋರ್ಟಿನಲ್ಲೇ ಇದೆ. ವಕೀಲೆಯನ್ನು ತೆಗೆದುಹಾಕಿ ಆರ್ಥರ್ ತನ್ನ ವಾದ ತಾನೇ ಮಾಡುತ್ತಿದ್ದಾನೆ. ಮುಖಕ್ಕೆ ಬಣ್ಣ, ಬಾಯಲ್ಲಿ ಎಲ್ಲಿಂದಲೋ ತಂದ ಅಮೆರಿಕದ ದಕ್ಷಿಣ ರಾಜ್ಯಗಳ ವಕೀಲರ ಧಾಟಿ. ಸಾಕ್ಷಿ ಕಟ್ಟೆಗೆ ಗ್ಯಾರಿ ಬರುತ್ತಾನೆ. ಮೊದಲ ಭಾಗದಲ್ಲಿ ಆರ್ಥರ್ ಜೊತೆ ಕೋಡಂಗಿ ಕೆಲಸ ಮಾಡುತ್ತಿದ್ದ ಕುಳ್ಳ ಮನುಷ್ಯ. ಅವನ ಕಣ್ಣೆದುರೇ ಆರ್ಥರ್ ಇನ್ನೊಬ್ಬನನ್ನು ಕೊಂದು, ಇವನನ್ನು ಬಿಟ್ಟು ಕಳಿಸಿದ್ದ. ಬಾಗಿಲ ಚಿಲಕ ಎಟುಕದೆ ಗ್ಯಾರಿ ಒದ್ದಾಡಿದಾಗ 2019ರಲ್ಲಿ ಥಿಯೇಟರ್‌ಗಳಲ್ಲಿ ನಗು ಎದ್ದಿತ್ತು. ಈಗ ಅದೇ ಗ್ಯಾರಿ ನಡುಗುತ್ತಾ ಕೂತಿದ್ದಾನೆ. ಆರ್ಥರ್ ಅವನ ಹೆಸರನ್ನೇ ಹಿಡಿದು ತಮಾಷೆ ಮಾಡುತ್ತಾನೆ. ಅಂದಿನಿಂದ ನಿದ್ದೆ ಇಲ್ಲ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ ಅನ್ನುತ್ತಾನೆ ಗ್ಯಾರಿ. ನನ್ನನ್ನು ಗೇಲಿ ಮಾಡದೆ ಇದ್ದವನು ನೀನೊಬ್ಬನೇ ಅಂತಲೂ ಹೇಳುತ್ತಾನೆ. ಬಣ್ಣದ ಹಿಂದಿನ ಮುಖ ಒಂದು ಕ್ಷಣ ತಡವರಿಸುತ್ತದೆ.

ಮೊದಲ ಭಾಗಕ್ಕೆ ಚಪ್ಪಾಳೆ ತಟ್ಟಿದವರ ಕೈ ಹಿಡಿದು ನಿಲ್ಲಿಸುವ ದೃಶ್ಯ ಅದು. ನೀವು ನಕ್ಕಿದ್ದು ಯಾರನ್ನು ನೋಡಿ ಅಂತ ಕೇಳುತ್ತದೆ. ಆಮೇಲೆ ಕಾವಲುಗಾರರು ಆರ್ಥರ್‌ನನ್ನು ಹಿಂಸಿಸುತ್ತಾರೆ, ಅವನನ್ನು ಮೆಚ್ಚಿಕೊಂಡಿದ್ದ ಹುಡುಗನೊಬ್ಬನನ್ನು ಕೊಲ್ಲುತ್ತಾರೆ. ಮರುದಿನ ಕೋರ್ಟಿನಲ್ಲಿ ಆರ್ಥರ್ ಹೇಳುತ್ತಾನೆ: ಜೋಕರ್ ಅಂತ ಯಾರೂ ಇಲ್ಲ, ಕೊಂದಿದ್ದೆಲ್ಲ ನಾನೇ. ಲೀ ಎದ್ದು ಹೊರನಡೆಯುತ್ತಾಳೆ. ಕೊನೆಗೆ ಜೈಲಿನ ಕಾರಿಡಾರ್‌ನಲ್ಲಿ ಇನ್ನೊಬ್ಬ ಕೈದಿ ಆರ್ಥರ್‌ಗೆ ಚುಚ್ಚಿ ಸಾಯಿಸುತ್ತಾನೆ. ಹಿಂದೆ ಮಸುಕಾಗಿ, ಆ ಕೈದಿ ತನ್ನ ಬಾಯಿಯನ್ನು ತಾನೇ ಕೊಯ್ದುಕೊಂಡು ನಗು ಮಾಡಿಕೊಳ್ಳುವುದು ಕಾಣುತ್ತದೆ. ಅಂದರೆ ಬ್ಯಾಟ್‌ಮನ್ ಎದುರು ಮುಂದೆ ನಿಲ್ಲಬೇಕಾದ ಜೋಕರ್ ಆರ್ಥರ್ ಅಲ್ಲ, ಬೇರೆ ಯಾರೋ.

ಈಗ ಟಿಕೆಟ್ ಕೊಂಡವನ ಜಾಗದಲ್ಲಿ ನಿಂತು ನೋಡಿ. ಐದು ವರ್ಷ ಕಾದಿದ್ದಾನೆ. ಜೋಕರ್ ಮತ್ತು ಹಾರ್ಲೆ ಸೇರಿ ಊರನ್ನು ಹೊತ್ತಿಸುತ್ತಾರೆ ಅಂತ ಪೋಸ್ಟರ್ ಹೇಳಿದೆ. ಒಳಗೆ ಹೋದರೆ, ನೀನು ಮೆಚ್ಚಿದವನು ಜೋಕರ್ರೇ ಅಲ್ಲ, ಮೆಚ್ಚಿದ್ದೇ ತಪ್ಪು ಅಂತ ಎರಡು ಗಂಟೆ ಹದಿನೆಂಟು ನಿಮಿಷ ಪಾಠ ಹೇಳಿ ಕಳಿಸುತ್ತಾರೆ. ಸಿಟ್ಟು ಬರದೆ ಇರುತ್ತಾ?

ಹಾಡು ಅಂದರೆ ಅಲ್ಲಿ ಯಾಕೆ ಅಷ್ಟು ಅಲರ್ಜಿ?

ಕನ್ನಡದ ಪ್ರೇಕ್ಷಕರಿಗೆ ನಿಜಕ್ಕೂ ಗೊಂದಲ ಆಗುವುದು ಇಲ್ಲಿ. ಸಿನಿಮಾದಲ್ಲಿ ಹಾಡಿದೆ ಅಂತ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ? ನಮ್ಮಲ್ಲಿ ಕೊಲೆಗಾರನೂ ಹಾಡುತ್ತಾನೆ, ಪೊಲೀಸೂ ಹಾಡುತ್ತಾನೆ. ಹಾಡು ಇಲ್ಲದಿದ್ದರೇ ಸುದ್ದಿ.

ಹಾಲಿವುಡ್‌ನಲ್ಲಿ ಹಾಗಲ್ಲ. ಪಾತ್ರಗಳು ಇದ್ದಕ್ಕಿದ್ದಂತೆ ಹಾಡಲು ಶುರು ಮಾಡುವ ಸಿನಿಮಾವನ್ನು ಅಲ್ಲಿ ‘ಮ್ಯೂಸಿಕಲ್’ ಅಂತ ಬೇರೆಯೇ ಜಾತಿಯಾಗಿ ಇಟ್ಟಿದ್ದಾರೆ. ಅದಕ್ಕೆ ಬೇರೆ ಪ್ರೇಕ್ಷಕರು ಇದ್ದಾರೆ. ಹಸಿಹಸಿ ಅಪರಾಧ ಕಥೆ ನೋಡಲು ಬಂದವನಿಗೆ ನಡುವೆ ಹಾಡು ಬಂದರೆ, ಪರದೆಯ ಲೋಕ ಸುಳ್ಳು ಅಂತ ಯಾರೋ ಕಿವಿಯಲ್ಲಿ ಹೇಳಿದ ಹಾಗೆ. ಮೊದಲ ‘ಜೋಕರ್’ ತನ್ನ ಬಲ ಪಡೆದಿದ್ದೇ ಆ ಲೋಕ ನಿಜ ಅನ್ನಿಸಿದ್ದರಿಂದ.

ಸ್ಟುಡಿಯೊಗಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಕೆಲವು ವರ್ಷಗಳಿಂದ ಅವರು ಟ್ರೇಲರ್‌ಗಳಲ್ಲಿ ಹಾಡನ್ನು ಬಚ್ಚಿಡುತ್ತಿದ್ದಾರೆ. 2023ರ ಕೊನೆಯ ‘ವೋಂಕಾ’, 2024ರ ಆರಂಭದ ‘ಮೀನ್ ಗರ್ಲ್ಸ್’, ಎರಡರ ಪ್ರಚಾರದಲ್ಲೂ ಪಾತ್ರಗಳು ಬಾಯಿಬಿಟ್ಟು ಹಾಡುವುದು ಕಾಣಲೇ ಇಲ್ಲ ಅನ್ನಬಹುದು. ಆ ಎರಡಕ್ಕೂ ತೊಂದರೆ ಆಗಲಿಲ್ಲ. ಅವು ಹಗುರವಾದ ಸಿನಿಮಾಗಳು, ಹಾಡು ಬಂದರೂ ನೋಡುವವರು ಸಹಿಸಿಕೊಂಡರು. ‘ಜೋಕರ್’ ಟ್ರೇಲರ್‌ನಲ್ಲಿ ಕುಣಿತ ಇತ್ತು, ಬೆಳಕು ಇತ್ತು, ಹಾಡು ಕಮ್ಮಿ. ಬಿಡುಗಡೆಗೆ ಮುಂಚೆ ಲೇಡಿ ಗಾಗಾ ಕೂಡ ಇದನ್ನು ಮ್ಯೂಸಿಕಲ್ ಅನ್ನಲು ಹಿಂಜರಿದರು.

ಆದರೂ ಹಾಡು ಇದ್ದಿದ್ದೇ ತಪ್ಪು ಅನ್ನುವ ವಾದ ಒಪ್ಪಲು ಕಷ್ಟ. ಹಾಡುಗಳು ಕಥೆಗೆ ಏನು ಮಾಡಿದವು ಅನ್ನುವುದು ಮುಖ್ಯ. ಇಲ್ಲಿರುವುದು ಬಹುತೇಕ ಹಳೇ ಅಮೆರಿಕನ್ ಹಾಡುಗಳು. ಫೀನಿಕ್ಸ್ ಮತ್ತು ಗಾಗಾ ಅವನ್ನು ಸೆಟ್‌ನಲ್ಲೇ ನೇರವಾಗಿ, ಬೇಕೆಂದೇ ಒರಟಾಗಿ ಹಾಡಿದ್ದಾರೆ. ಯೋಚನೆ ಚೆನ್ನಾಗಿದೆ: ಮಾತು ಬಾರದವನ ತಲೆಯೊಳಗೆ ಹಾಡು ಓಡುತ್ತಿರುತ್ತದೆ. ಆದರೆ ಹಾಡು ಶುರುವಾದಾಗ ಆರ್ಥರ್ ಎಲ್ಲಿದ್ದನೋ ಮುಗಿದಾಗಲೂ ಅಲ್ಲೇ ಇರುತ್ತಾನೆ. ‘ಲೀಯನ್ನು ಪ್ರೀತಿಸುತ್ತೇನೆ’ ಅಂತ ಮೊದಲ ಹಾಡು ಹೇಳಿದ್ದನ್ನೇ ನಾಲ್ಕನೆಯದೂ ಹೇಳುತ್ತದೆ. ಹಾಡು ಬಂತು ಅಂದರೆ ಎದ್ದು ಟೀ ಕುಡಿಯಲು ಹೋಗುವ ಅಭ್ಯಾಸ ನಮ್ಮ ಥಿಯೇಟರ್‌ಗಳಲ್ಲಿ ಯಾಕೆ ಬಂತು? ಕಥೆ ಅಲ್ಲೇ ನಿಂತಿರುತ್ತದೆ ಅನ್ನುವ ಧೈರ್ಯದಿಂದ. ಇಲ್ಲಿಯೂ ಆ ಧೈರ್ಯ ಮಾಡಬಹುದು. ಇದು ಸಿಟ್ಟಾದ ಅಭಿಮಾನಿಗಳ ದೂರಲ್ಲ, ಸಿನಿಮಾದ ಕಸುಬಿನಲ್ಲೇ ಇರುವ ಕೊರತೆ.

‘ಡಿ’ ಅಳೆಯುವುದು ಏನನ್ನು?

ಗ್ರೇಡ್ ಕೊಡಿಸುವುದು ಸಿನಿಮಾಸ್ಕೋರ್ ಅನ್ನುವ ಸಂಸ್ಥೆ. 1970ರ ದಶಕದ ಕೊನೆಯಿಂದ ಇದೇ ಕೆಲಸ. ಬಿಡುಗಡೆಯ ಮೊದಲ ದಿನ ಅಮೆರಿಕ, ಕೆನಡಾದ ಕೆಲವು ಥಿಯೇಟರ್‌ಗಳ ಬಾಗಿಲಲ್ಲಿ ಅವರ ಜನ ನಿಂತು ಚಿಕ್ಕ ಕಾರ್ಡ್ ಹಂಚುತ್ತಾರೆ. ವಯಸ್ಸು ಎಷ್ಟು, ಯಾಕೆ ಬಂದಿರಿ, ‘ಎ’ಯಿಂದ ‘ಎಫ್’ವರೆಗೆ ಎಷ್ಟು ಕೊಡುತ್ತೀರಿ. ಅಷ್ಟೇ.

ಈಗ ಯೋಚಿಸಿ, ಫಸ್ಟ್ ಡೇ ಫಸ್ಟ್ ಶೋಗೆ ಹೋಗುವವರು ಯಾರು? ಮೊದಲೇ ಟಿಕೆಟ್ ಕಾದಿರಿಸಿದ ಅಭಿಮಾನಿಗಳು. ಸಿನಿಮಾವನ್ನು ಪ್ರೀತಿಸಬೇಕು ಅಂತ ತೀರ್ಮಾನ ಮಾಡಿಕೊಂಡೇ ಬಂದವರು. ಹಾಗಾಗಿ ಸೂಪರ್‌ಹೀರೊ ಸಿನಿಮಾಗಳಿಗೆ ‘ಎ’ ಅಥವಾ ‘ಬಿ’ ಸಿಗುವುದು ಮಾಮೂಲು. 2019ರ ‘ಜೋಕರ್’ಗೆ ‘ಬಿ ಪ್ಲಸ್’ ಬಂದಿತ್ತು. ಅದೇ ಜನ ‘ಡಿ’ ಕೊಟ್ಟರೆ ಸಿನಿಮಾ ಕೆಟ್ಟದಾಗಿದೆ ಅಂತಷ್ಟೇ ಅರ್ಥವಲ್ಲ, ನಮಗೆ ಹೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಅಂತ. ಹಿಂದೆ ‘ಎಫ್’ ಪಡೆದ ಸಿನಿಮಾಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2002ರ ‘ಸೊಲಾರಿಸ್’ ಮತ್ತು 2017ರ ‘ಮದರ್!’ ಎರಡಕ್ಕೂ ಒಳ್ಳೆಯ ವಿಮರ್ಶಕರ ಬೆಂಬಲ ಇತ್ತು. ದೊಡ್ಡ ತಾರೆಯ ಮುಖ ತೋರಿಸಿ ಜನರನ್ನು ಕರೆದು ಬೇರೆಯೇ ಸಿನಿಮಾ ತೋರಿಸಿದ್ದವು.

ವಿಮರ್ಶೆಗಳನ್ನು ಒಟ್ಟುಗೂಡಿಸುವ ವೆಬ್‌ಸೈಟ್ ರಾಟನ್ ಟೊಮೇಟೋಸ್‌ನ ಅಂಕಿಯನ್ನೂ ಜನ ತಪ್ಪು ಓದುತ್ತಾರೆ. ಅಲ್ಲಿ 30 ಪರ್ಸೆಂಟ್ ಅಂದರೆ ನೂರಕ್ಕೆ ಮೂವತ್ತು ಅಂಕ ಅಲ್ಲ. ನೂರು ವಿಮರ್ಶಕರಲ್ಲಿ ಮೂವತ್ತು ಜನ ‘ಪರವಾಗಿಲ್ಲ’ ಅಂದಿದ್ದಾರೆ ಅಂತ. ಈ ಸಿನಿಮಾಕ್ಕೆ ಸುಮಾರು ಮೂವರಲ್ಲಿ ಒಬ್ಬರು ಹಾಗೆ ಅಂದರು. ಪ್ರೇಕ್ಷಕರ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ ಬಂತು. ವಿಮರ್ಶಕರು ಬೈದದ್ದನ್ನು ಜನ ಮೆಚ್ಚುವುದು, ಜನ ಬೈದದ್ದನ್ನು ವಿಮರ್ಶಕರು ಮೆಚ್ಚುವುದು ಹಳೇ ಕಥೆ. ಇಲ್ಲಿ ಇಬ್ಬರೂ ಒಂದೇ ಕಡೆ ಇದ್ದರು, ಬೇರೆ ಬೇರೆ ಕಾರಣಕ್ಕೆ. ಜನರಿಗೆ ಸಿನಿಮಾ ಮೋಸ, ವಿಮರ್ಶಕರಿಗೆ ಬೋರು.

ವೆನಿಸ್ ಚಪ್ಪಾಳೆಯ ವಿಷಯಕ್ಕೆ ಬಂದರೆ, ಅದಕ್ಕೆ ಜಾಸ್ತಿ ಬೆಲೆ ಕೊಡಬೇಕಿಲ್ಲ. ನಟ ನಟಿಯರು ಅದೇ ಹಾಲ್‌ನಲ್ಲಿ ಕೂತಿರುತ್ತಾರೆ. ಎದ್ದು ನಿಲ್ಲುವುದು ಅಲ್ಲಿನ ಮರ್ಯಾದೆ. ಪತ್ರಕರ್ತರು ಗಡಿಯಾರ ಹಿಡಿದು ನಿಮಿಷ ಎಣಿಸುತ್ತಾರೆ, ಮರುದಿನ ಅದು ತಲೆಬರಹ. ಬರಹದಲ್ಲಿ ಬಂದ ವಿಮರ್ಶೆಗಳು ಅಂದೇ ಒಡೆದಿದ್ದವು.

ಗಲ್ಲಾಪೆಟ್ಟಿಗೆಯ ಲೆಕ್ಕ

ಎರಡನೇ ಭಾಗಕ್ಕೆ ಆದ ಖರ್ಚು, ವರದಿಗಳ ಪ್ರಕಾರ, 19ರಿಂದ 20 ಕೋಟಿ ಡಾಲರ್. ಮೊದಲ ಭಾಗದ ಮೂರು ಪಟ್ಟು. ಹೆಚ್ಚುಕಮ್ಮಿ ಎರಡೇ ಜಾಗದಲ್ಲಿ ನಡೆಯುವ ಸಿನಿಮಾಕ್ಕೆ! ತಾರೆಯರ ಮತ್ತು ನಿರ್ದೇಶಕರ ಸಂಭಾವನೆಯೇ ಅದರಲ್ಲಿ ದೊಡ್ಡ ಪಾಲು ತಿಂದಿತು.

ಅಮೆರಿಕದಲ್ಲಿ ಮೊದಲ ವಾರಾಂತ್ಯ ಬಂದಿದ್ದು ಸುಮಾರು 3.77 ಕೋಟಿ ಡಾಲರ್. ಮೊದಲ ಭಾಗ ಅದೇ ಮೂರು ದಿನದಲ್ಲಿ 9.6 ಕೋಟಿ ತಂದಿತ್ತು. ಎರಡನೇ ವಾರಾಂತ್ಯ ಇದು 70 ಲಕ್ಷಕ್ಕೆ ಇಳಿಯಿತು, ಅಂದರೆ 81 ಪರ್ಸೆಂಟ್ ಕುಸಿತ. ಕೆಟ್ಟ ಕುಸಿತ ಅಂತ ಹಿಂದಿನ ವರ್ಷ ಹೆಸರಾಗಿದ್ದ ‘ದಿ ಮಾರ್ವೆಲ್ಸ್’ ಕೂಡ 78ಕ್ಕೆ ನಿಂತಿತ್ತು. ಮೊದಲ ವಾರ ಜನರನ್ನು ಕರೆತರುವುದು ಪ್ರಚಾರ. ಎರಡನೇ ವಾರ ಕರೆತರುವುದು ನೋಡಿ ಬಂದವರ ಬಾಯಿಮಾತು. ಶುಕ್ರವಾರ ರಾತ್ರಿಯ ಅಭಿಮಾನಿಯೇ ಶನಿವಾರ ಬೆಳಿಗ್ಗೆ ‘ಬೇಡ ಮಾರಾಯಾ’ ಅಂತ ಮೆಸೇಜ್ ಹಾಕಿದರೆ ಯಾವ ಪೋಸ್ಟರ್ ಏನು ಮಾಡೀತು?

ಜಗತ್ತಿನಾದ್ಯಂತ ಕೊನೆಗೆ ಸೇರಿದ್ದು ಸುಮಾರು 20.7 ಕೋಟಿ ಡಾಲರ್. ಖರ್ಚು ಬಂತಲ್ಲ ಅನ್ನಿಸಬಹುದು. ಇಲ್ಲ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಥಿಯೇಟರ್‌ನವರದು. ಉಳಿದ ಹತ್ತು ಕೋಟಿಯಲ್ಲಿ ತಯಾರಿಕೆಯ ಇಪ್ಪತ್ತು ಕೋಟಿ ತೀರಬೇಕು, ಪ್ರಚಾರದ ಖರ್ಚು ಅದರ ಮೇಲೆ. ಬಿಡುಗಡೆಯಾದ ತಿಂಗಳೊಳಗೇ, ಅಕ್ಟೋಬರ್ 29ಕ್ಕೆ, ಅಮೆರಿಕದಲ್ಲಿ ಮನೆಯಲ್ಲೇ ದುಡ್ಡು ಕೊಟ್ಟು ನೋಡಲು ಸಿಕ್ಕಿತು.

ಮೆಚ್ಚಿದವರ ವಾದ

ಮೆಚ್ಚಿದವರು ಹೇಳುವುದನ್ನು ತಳ್ಳಿಹಾಕುವಂತಿಲ್ಲ. ಟ್ಯಾರಂಟಿನೊ ವಾದದ ತಿರುಳು: ಸ್ಟುಡಿಯೊದ ದುಡ್ಡನ್ನು ಜೋಕರ್ ಕೈಗೆ ಕೊಟ್ಟರೆ ಅವನು ಹೇಗೆ ಖರ್ಚು ಮಾಡುತ್ತಾನೋ ಫಿಲಿಪ್ಸ್ ಹಾಗೆ ಮಾಡಿದ್ದಾರೆ. ಸ್ಟುಡಿಯೊ, ಕಾಮಿಕ್ಸ್ ಅಭಿಮಾನಿ, ಪ್ರೇಕ್ಷಕ, ಎಲ್ಲರನ್ನೂ ಅಣಕಿಸಿದ್ದಾರೆ. ಇನ್ನು ಕೆಲವರು ಲೀ ಪಾತ್ರವನ್ನು ತೋರಿಸುತ್ತಾರೆ. ಜೋಕರ್ ಇಲ್ಲ ಅಂತ ಆರ್ಥರ್ ಹೇಳಿದ ಕೂಡಲೇ ಅವಳು ಎದ್ದುಹೋದಳು. ಪ್ರೇಕ್ಷಕರೂ ಹಾಗೇ ಎದ್ದುಹೋದರು. ಸಿನಿಮಾ ತನ್ನ ಸೋಲನ್ನು ತನ್ನೊಳಗೇ ಬರೆದಿಟ್ಟಿತ್ತು ಅಲ್ವಾ ಅಂತ.

ಜಾಣತನದ ಮಾತು. ಆದರೆ ಜನ ಎದ್ದುಹೋಗುತ್ತಾರೆ ಅಂತ ಮೊದಲೇ ಗೊತ್ತಿತ್ತು ಅನ್ನುವುದು, ಜನರನ್ನು ಕೂರಿಸಿಕೊಳ್ಳಲು ಆಗದಿದ್ದಕ್ಕೆ ಸಮಜಾಯಿಷಿ ಆಗುವುದಿಲ್ಲ. ಗ್ಯಾರಿಯ ದೃಶ್ಯದಲ್ಲಿ ಇದೇ ಸಿನಿಮಾ ಅದೇ ಪಾಠವನ್ನು ಐದಾರು ನಿಮಿಷದಲ್ಲಿ, ಯಾರನ್ನೂ ಅಣಕಿಸದೆ ಹೇಳಿದೆ. ಅಲ್ಲಿ ನಾಚಿಕೆ ಹುಟ್ಟುತ್ತದೆ. ಉಳಿದ ಕಡೆ ಬರೀ ಸುಸ್ತು.

ಮುಂದೇನು

ಅದೇ 2024ರ ಜುಲೈನಲ್ಲಿ ಬಂದ ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ 130 ಕೋಟಿ ಡಾಲರ್ ದಾಟಿತು. ಅಭಿಮಾನಿಗಳು ಕೇಳಿದ ಹಳೇ ಪಾತ್ರ, ಹಳೇ ವೇಷ, ಹಳೇ ಜೋಕು ಎಲ್ಲವನ್ನೂ ತಟ್ಟೆಗೆ ಬಡಿಸಿದ ಸಿನಿಮಾ ಅದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಸ್ಟುಡಿಯೊ ಅಧಿಕಾರಿ ಯಾವ ಪಾಠ ಕಲಿಯುತ್ತಾನೆ ಅನ್ನುವುದು ಊಹಿಸಲು ಕಷ್ಟವಿಲ್ಲ: ಕೇಳಿದ್ದನ್ನೇ ಕೊಡು. ಸುಲಭದ ಪಾಠ, ಅರ್ಧ ತಪ್ಪು ಪಾಠ. ಯಾಕೆಂದರೆ 2019ರಲ್ಲಿ ಬ್ಯಾಟ್‌ಮನ್ ಇಲ್ಲದ ಜೋಕರ್ ಸಿನಿಮಾವನ್ನು ಯಾರೂ ಕೇಳಿರಲಿಲ್ಲ. ಸುಮಾರು 6 ಕೋಟಿಯಲ್ಲಿ ಆ ಜೂಜು ಆಡಿದ್ದಕ್ಕೇ ಅದು ಗೆದ್ದಿತು. ಸೋತಿದ್ದರೂ ಯಾರ ಮನೆಯೂ ಮುಳುಗುತ್ತಿರಲಿಲ್ಲ. ಅದೇ ಜೂಜನ್ನು 20 ಕೋಟಿ ಇಟ್ಟು ಆಡಿದ್ದು ಎಡವಟ್ಟು.

ಇದರ ಬಿಸಿ ವಾರ್ನರ್ ಬ್ರದರ್ಸ್‌ಗೆ ತಟ್ಟಿತು. 2025ರ ಆರಂಭದಲ್ಲಿ ಅವರ ಇನ್ನೆರಡು ಸಿನಿಮಾ ಮಲಗಿದಾಗ ಚಿತ್ರ ವಿಭಾಗದ ಮುಖ್ಯಸ್ಥರ ಕುರ್ಚಿ ಅಲ್ಲಾಡುತ್ತಿದೆ ಅಂತ ಸುದ್ದಿಯಾಯಿತು. ಏಪ್ರಿಲ್‌ನಲ್ಲಿ ‘ಎ ಮೈನ್‌ಕ್ರಾಫ್ಟ್ ಮೂವಿ’ ಮತ್ತು ‘ಸಿನ್ನರ್ಸ್’ ಒಂದರ ಹಿಂದೆ ಒಂದು ಗೆದ್ದು ಅವರನ್ನು ಉಳಿಸಿದವು. ಗಮನಿಸಿ, ‘ಸಿನ್ನರ್ಸ್’ನಲ್ಲಿ ರಕ್ತಪಿಶಾಚಿಗಳಿವೆ, ಸಿನಿಮಾ ತುಂಬ ಸಂಗೀತವೂ ಇದೆ. ಅದನ್ನು ಟ್ರೇಲರ್ ಬಚ್ಚಿಡಲಿಲ್ಲ, ಕಥೆಯೂ ಅದರ ಮೇಲೇ ನಿಂತಿತ್ತು. ಅದಕ್ಕೆ ಸಿನಿಮಾಸ್ಕೋರ್ ‘ಎ’ ಬಂತು.

ಬ್ಯಾಟ್‌ಮನ್, ಸೂಪರ್‌ಮ್ಯಾನ್ ತರಹದ ಡಿಸಿ ಕಾಮಿಕ್ಸ್ ಪಾತ್ರಗಳ ಹೊಣೆ ಈಗ ಜೇಮ್ಸ್ ಗನ್ ಮತ್ತು ಪೀಟರ್ ಸಾಫ್ರಾನ್ ಅವರದು. ಒಂದಕ್ಕೊಂದು ಹೊಂದುವ ಸಿನಿಮಾಗಳ ಸಾಲು 2025ರ ಜುಲೈನ ‘ಸೂಪರ್‌ಮ್ಯಾನ್’ನಿಂದ ದೊಡ್ಡ ಪರದೆಯಲ್ಲಿ ಶುರುವಾಗಿದೆ. ಆ ಸಾಲಿಗೆ ಸೇರದ ಸಿನಿಮಾಗಳನ್ನು ‘ಎಲ್ಸ್‌ವರ್ಲ್ಡ್ಸ್’ ಅನ್ನುವ ಬೇರೆ ಕಪಾಟಿನಲ್ಲಿ ಇಡುತ್ತಾರೆ. ‘ಫೋಲಿ ಆ ದ್ಯೂ’ ಇದ್ದಿದ್ದು ಆ ಕಪಾಟಿನಲ್ಲೇ. ಅಲ್ಲಿರುವ ಇನ್ನೊಂದು ದೊಡ್ಡ ಹೆಸರು ಮ್ಯಾಟ್ ರೀವ್ಸ್ ಅವರ ‘ದಿ ಬ್ಯಾಟ್‌ಮನ್’ ಎರಡನೇ ಭಾಗ. ಹಲವು ಸಲ ಮುಂದಕ್ಕೆ ಹೋಗಿ ಈಗ 2027ರ ಅಕ್ಟೋಬರ್‌ಗೆ ನಿಗದಿಯಾಗಿದೆ. ಫಿಲಿಪ್ಸ್ ಅಂತೂ ಜೋಕರ್ ಲೋಕದಲ್ಲಿ ತಮ್ಮ ಕೆಲಸ ಮುಗಿಯಿತು ಅಂತ ಹೇಳಿಬಿಟ್ಟಿದ್ದಾರೆ.